ರೆಕ್ಕೆಗೆ ಹಚ್ಚಿದ ಅಂಟು

ಜನವರಿ 6, ಸೋಮವಾರ

ಇವತ್ತೂ ತುಂಡು ಪ್ಲಾಸ್ಟಿಕ್ ಅಂಟಿಸಿ ಅಂಟಿಸಿ ಮುರಿದೆ. ಸೂಪರ್ ಗ್ಲೂ ಹಾಕಿದ್ದು ಒಂದೇ ಏಟಿಗೆ ಟಪ್ಪಂತ ಬಂತು. ಸುತ್ತ ಬಿಳಿ ಕಲೆ ಬೇರೆ, ಬೂದಿ ಮೆತ್ತಿದ ಹಾಗೆ. ಪ್ಲಾಸ್ಟಿಕ್ ಸಿಮೆಂಟ್ ಅನ್ನುವ ಅಂಟು ಹಾಕಿದ್ದು ಜಪ್ಪಯ್ಯ ಅನ್ನಲಿಲ್ಲ. ಅದು ಎರಡೂ ಕಡೆ ಕರಗಿಸಿ ಒಂದು ಮಾಡುತ್ತದೆ. ಕಲೆಯೂ ಇಲ್ಲ. ಒಣಗಲು ಒಂದು ದಿನ ಬಿಡಬೇಕು, ಅಷ್ಟೇ. ಕಾಲೇಜಿನ ರಾಕೆಟ್ಟಿನ ರೆಕ್ಕೆಗೆ ಇದೇ ಸರಿ.

ನಾಳೆ ಲೋಕೇಶನಿಗೆ ಹೇಳಬೇಕು. ಟೀಮ್ ಲೀಡರ್ ಅವನೇ. ಕಿಕ್ಕೇರಿ ಅತ್ತೆಯ ಮಗನೂ ಅವನೇ. ಸಂಕ್ರಾಂತಿ ಕಳೆದ ಮೇಲೆ ಹೆಣ್ಣು ಕೇಳಲು ಬರುತ್ತಾರಂತೆ. ಅಮ್ಮ ಈಗಲೇ ‘ನಿಮ್ಮ ಬಾವ’ ಅಂದು ನಗುತ್ತಾಳೆ. ನನಗೂ ಬೇಡ ಅನ್ನಿಸಿಲ್ಲ... ಇಲ್ಲಿ ಸುಳ್ಳು ಯಾಕೆ ಬರೆಯಲಿ.

ಜನವರಿ 7

ಹೇಳಿದೆ. ಎಲ್ಲರೆದುರೇ. ಮುರಿದ ತುಂಡುಗಳನ್ನು ಮುಂದಿಟ್ಟೆ. ಸಿಮೆಂಟಿನ ಬಾಟಲಿ, ಅದರ ಮುಚ್ಚಳದ ಬ್ರಷ್ಷು ತೋರಿಸಿದೆ.

“ನೇಲ್ ಪಾಲಿಶ್ ಅಲ್ಲ ಕಣಮ್ಮಿ ಇದು, ರಾಕೆಟ್ಟು,” ಅಂದ ಲೋಕೇಶ.

ಹುಡುಗರೆಲ್ಲ ಕಿಸಕ್ಕನೆ ನಕ್ಕರು. ಟೀಮಿನ ಇನ್ನೊಬ್ಬ ಹುಡುಗಿ ಸ್ನೇಹಳೂ ನಕ್ಕಳು, ದರಿದ್ರದವಳು. ಸೂಪರ್ ಗ್ಲೂ ಅಂತ ತೀರ್ಮಾನವಾಯಿತು. ಆಮೇಲೆ ನನಗೆ ಟೀ ತರಲು ಹೇಳಿದ. ತಂದುಕೊಟ್ಟೆ — ಥೂ ನನ್ನ ಜನ್ಮಕ್ಕೆ. ಬಾಟಲಿಯನ್ನು ಲ್ಯಾಬಿನ ಮೇಜಿನ ಮೇಲೇ ಬಿಟ್ಟು ಬಂದೆ.

ಜನವರಿ 11, ಸಂಜೆ 7

ನಾಗಮಂಗಲದ ಆಚೆ, ರಾಗಿ ಕೊಯ್ದ ಹೊಲದಲ್ಲಿ ಹಾರಿಸಿದರು. ರೆಕ್ಕೆ ಕಿತ್ತು ಬೀಳಲಿ ಅಂತ ಕಾಯುತ್ತಿದ್ದೆ. ಹೊಟ್ಟೆಯುರಿ, ಹೌದು. ನೆಟ್ಟಗೆ ಹೋಯಿತು. ಪ್ಯಾರಾಶೂಟು ಬಿಚ್ಚಿ ಪಕ್ಕದ ಹುರುಳಿ ಹೊಲಕ್ಕೆ ಇಳಿಯಿತು. ಮೊದಲು ಓಡಿದವಳು ನಾನು. ಎತ್ತಿ ನೋಡಿದೆ. ರೆಕ್ಕೆಯ ಬುಡದಲ್ಲಿ ಎಲ್ಲೂ ಬಿಳಿ ಕಲೆ ಇಲ್ಲ. ಸೂಪರ್ ಗ್ಲೂ ಅಲ್ಲವೇ ಅಲ್ಲ. ನನ್ನ ಸಿಮೆಂಟು!

ಅಂಟು ಆರಿಸಿದ್ದು ಯಾರು ಎಂದು ಸರ್ ಕೇಳಿದರು. ಲೋಕೇಶ ತಾನೇ ಅಂದ. ತುಂಡು ಮುರಿದು ಟೆಸ್ಟ್ ಮಾಡಿದೆ ಅಂದ. ಕರಗಿಸಿ ಒಂದು ಮಾಡುತ್ತೆ ಸಾರ್, ಅಂದ. ನನ್ನ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದ. ಚಪ್ಪಾಳೆ.

ಪಾಂಡವಪುರದ ಬಸ್ಸು ಹತ್ತುವಾಗ ಅವನನ್ನು ತಡೆದು ಕೇಳಿದೆ. ನಾಚಿಕೆಯಾದರೂ ಆಗುತ್ತದೇನೋ ಅಂದುಕೊಂಡಿದ್ದೆ.

“ನಂದೇನು ನಿಂದೇನು ಬುಡಮ್ಮಿ. ನಾಳೆ ಒಂದೇ ಮನೆಯೋರು ತಾನೆ?”

ಮೈಯೆಲ್ಲ ಉರಿದುಹೋಯಿತು. ದಾರಿಯುದ್ದಕ್ಕೂ ಕಿಟಕಿ ಕಡೆ ತಿರುಗಿ ಕೂತೆ.

ಜನವರಿ 19, ಭಾನುವಾರ

ಹಬ್ಬದ ಎಳ್ಳುಬೆಲ್ಲವೂ ಸೇರಲಿಲ್ಲ. ಅತ್ತೆಯವರು ಬಂದು ನಡುಮನೆಯಲ್ಲಿ ಕೂತಿದ್ದಾರೆ. ಅಮ್ಮ ಸೀರೆ ತಂದಿಟ್ಟಳು. ಒಲ್ಲೆ ಅಂದೆ. ಯಾಕೆ ಅಂದಳು. ಎಲ್ಲ ಹೇಳಿದೆ.

“ಒಂದ್ ಅಂಟಿನ ಇಸ್ಯಕ್ಕೆ ಸಂಬಂಧ ಕಳ್ಕತೀಯೇನವ್ವ? ನಾ ಯೋಳ್ಕೊಟ್ಟಿದ್ನೆಲ್ಲ ನಿಮ್ಮಪ್ಪ ತನ್ನದೇ ಅಂತ ಊರ್‌ಗೆಲ್ಲ ಯೋಳಾಕಿಲ್ವ? ನಾನೇನು ಬುಟ್ಟೋದ್ನ?”

ಹೇಳುತ್ತ ಅವಳ ದನಿ ನಡುಗಿತು. ಅಳುವೋ ಸಿಟ್ಟೋ ತಿಳಿಯಲಿಲ್ಲ. ಸೀರೆಯನ್ನು ನನ್ನ ಹಾಸಿಗೆ ಮೇಲೆ ಬಿಟ್ಟು ಹೋದಳು.

ಈಗ ಬಾಗಿಲಾಚೆ ಅತ್ತೆ ಕೇಳುತ್ತಿದ್ದಾರೆ, ಅರ್ಪಿತ ಏನಂತಾಳೆ ಅಂತ. ಅಮ್ಮ ಬಾಯಿ ತೆಗೆದಳು. ಅಪ್ಪ ಬಿಡಲಿಲ್ಲ. ಒಪ್ಪಿದ್ದಾಳೆ, ನನ್ನ ಹತ್ತಿರವೇ ಹೇಳಿದಳು ಅನ್ನುತ್ತಿದ್ದಾನೆ. ನಾನು ಅಪ್ಪನ ಹತ್ತಿರ ಮಾತೇ ಆಡಿಲ್ಲ. ಇಲ್ಲ... ಇದನ್ನು ನಾನೇ ಹೋಗಿ ಹೇಳ—