ಚೆಂಡು ಇಲ್ಲದ ಕಡೆ ನೋಡುವುದು

ಸೆಯ್ಶಾಲ್,
19 ಫೆಬ್ರವರಿ 1957

ಪ್ರೀತಿಯ ಅಪ್ಪನಿಗೆ,

ಎರಡು ಭಾನುವಾರ ಕಳೆದವು, ನನ್ನಿಂದ ಕಾಗದವಿಲ್ಲ. ನೀನು ಬಾಗಿಲ ಕಿಂಡಿಯ ಕಡೆ ಕಿವಿಯಿಟ್ಟು ಕೂತಿರುತ್ತೀಯ ಎಂದು ಗೊತ್ತಿದ್ದೂ ಬರೆಯಲಾಗಲಿಲ್ಲ, ಕ್ಷಮಿಸು. ಮಳೆ, ಕೆಸರು, ಬಿರಡೆ ಕಾರ್ಖಾನೆಯಲ್ಲಿ ಹೆಚ್ಚಿನ ಪಾಳಿ ಎಂದು ಏನಾದರೂ ನೆಪ ಹೇಳಲು ಕೂತೆ, ಕೈ ಓಡಲಿಲ್ಲ.

ಈ ಕಾಗದ ನಿನ್ನನ್ನಿಟ್ಟ ಜೈಲುಕೋಟೆಯ ಹೆಬ್ಬಾಗಿಲಿನಿಂದ ಬರುವುದಿಲ್ಲ. ಯಾರ ಕೈಯಿಂದ ನಿನಗೆ ಸೇರುತ್ತದೆಯೋ ಅವರ ಹೆಸರು ಇಲ್ಲಿ ಬೇಡ. ಓದಿ ಸುಟ್ಟುಬಿಡು. ಕಾಗದಗಳಿಗೆ ಮಸಿ ಬಳಿಯುವ ಜೈಲಿನವರ ಕಣ್ಣು ತಪ್ಪಿಸಿ ನಿನ್ನೊಡನೆ ಮಾತಾಡುತ್ತಿರುವುದು ಇದೇ ಮೊದಲು. ಆದ್ದರಿಂದ ಆಟದ ವರದಿಯ ಜೊತೆಗೆ ಉಳಿದದ್ದನ್ನೂ ಬರೆಯುತ್ತೇನೆ.

ಪೊಲೀಸರು ಬಂದ ಆ ಬೆಳಿಗ್ಗೆ ಒಲೆಯ ಮೇಲೆ ಕಾಫಿ ಉಕ್ಕುತ್ತಿತ್ತು, ನೆನಪಿದೆಯೇ? ಬಿರಡೆ ತೊಗಟೆಯ ಮೂಟೆಯ ಕೆಳಗಿನಿಂದ ಕರಪತ್ರಗಳ ಕಟ್ಟು ಎಳೆದು "ಯಾರದ್ದಿದು?" ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ನೀನು "ನಂದೇ" ಎಂದುಬಿಟ್ಟೆ. ಪತ್ರಿಕೆಯಲ್ಲಿ ಆಟದ ಪುಟ ಬಿಟ್ಟು ಬೇರೇನನ್ನೂ ಓದದವನು ನೀನು! "ಏನು ಬರ್ದಿದೆ ಇದ್ರಲ್ಲಿ, ಹೇಳು ನೋಡೋಣ" ಎಂದ ಇನ್‌ಸ್ಪೆಕ್ಟರ್. "ಫುಟ್ಬಾಲ್ ವಿಷ್ಯ ಅಲ್ಲ ಸ್ವಾಮಿ, ಅಷ್ಟು ಗೊತ್ತು" ಎಂದೆ ನೀನು. ಅವನು ಹೊಡೆದ. ಅಮ್ಮ ನನ್ನ ರಟ್ಟೆಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಉಗುರಿನ ಗುರುತು ವಾರದವರೆಗೆ ಇತ್ತು.

ಆಮೇಲೆ ನಿನಗೆ ಒಂದೇ ಪ್ರಶ್ನೆ: ಬರೆದವರು ಯಾರು? ಹೆಸರು ಹೇಳು, ಅವರು ಸಿಕ್ಕ ದಿನವೇ ಮನೆಗೆ ಹೋಗು. ನೀನು ಮಾತ್ರ "ತಲೆಯಿಂದ ಚೆಂಡು ಹೊಡ್ದೂ ಹೊಡ್ದೂ ಮರೆವು ಬಂದಿದೆ" ಎನ್ನುತ್ತಿದ್ದೀಯಂತೆ. ಕೇಳಿ ನಾನು ಹೆಮ್ಮೆಪಟ್ಟೆ. ಬಾಯಿ ಬಿಡದವನೇ ಮನುಷ್ಯ ಎಂದು ನಾನೇ ಆ ಕಟ್ಟಿನ ಒಂದು ಕರಪತ್ರದಲ್ಲಿ ಬರೆದಿದ್ದೆನಲ್ಲ. ಬರೆಯುವುದು ಸುಲಭ. ಮಸಿಗೆ ಮೂಳೆಯಿಲ್ಲ, ಮುರಿಯುವ ಭಯವಿಲ್ಲ.

ನಿನಗೆ ನಾನು ಬರೆದ ಮೊದಲ ಕಾಗದ ತುಂಬ ಭಾಷಣವೇ ಇತ್ತು. ಅದರಲ್ಲಿ ನಿನ್ನ ಕೈ ಸೇರಿದ್ದು "ಪ್ರೀತಿಯ ಅಪ್ಪ" ಮತ್ತು ನನ್ನ ಸಹಿ. ನಡುವೆ ಎಲ್ಲಾ ಕಪ್ಪು. "ಭಾಷಣ ಬೇಡ ಮಗಳೇ, ಭಾನುವಾರದ ಆಟ ಏನಾಯ್ತು ಬರಿ" ಎಂದು ನೀನು ಉತ್ತರಿಸಿದೆ. ನನಗೆ ಉರಿಯಿತು. ಆರು ದಿನ ದುಡಿಸಿಕೊಂಡವರು ಏಳನೆಯ ದಿನ ನಮ್ಮ ಕೋಪವನ್ನು ಒಂದು ಚರ್ಮದ ಉಂಡೆಯ ಹಿಂದೆ ಓಡಿಸಿ ಆರಿಸುತ್ತಾರೆ ಎಂದು ನಂಬಿದವಳು ನಾನು. ಈಗಲೂ ಆ ನಂಬಿಕೆ ಪೂರ್ತಿ ಬಿಟ್ಟಿಲ್ಲ. ಆದರೆ ನಿನಗೆ ಕಳಿಸಬಹುದಾಗಿದ್ದು ಅದೊಂದೇ ಆಗಿತ್ತು. ಮೈದಾನಕ್ಕೆ ಹೋದೆ.

ಹೋದ ಮೊದಲ ದಿನವೇ ನಿನ್ನ ಮಾನ ಕಳೆದೆ. ಇದನ್ನು ನಿನಗೆ ಬರೆದಿರಲಿಲ್ಲ. ಅಂದು ಸೆಸಿಂಬ್ರಾದ ಮೀನುಗಾರರ ತಂಡ ಬಂದಿತ್ತು. ಅವರ ಬೂಟುಗಳಿಗೆ ತೇಪೆ, ಒಬ್ಬನ ಅಂಗಿಗೆ ಒಂದು ತೋಳೇ ಇಲ್ಲ. ನಮ್ಮ ಗೋಲು ಕಾಯುತ್ತಿದ್ದವನು ಕಾರ್ಖಾನೆಯ ಗುಮಾಸ್ತನ ಮಗ. ನ್ಯಾಯ ಯಾರ ಕಡೆ ಎಂದು ನನಗೆ ಸಂಶಯವೇ ಬರಲಿಲ್ಲ. ಅವರು ಗೋಲು ಹೊಡೆದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಮೈದಾನದ ಗೋಡೆಯುದ್ದಕ್ಕೂ ಕೂತಿದ್ದ ನಮ್ಮೂರ ಜನವೆಲ್ಲ ನನ್ನ ಕಡೆ ತಿರುಗಿತು.

"ಏ ಅನಿಸೆತೊ ಮಗಳೇ! ದೆವ್ವ ಮೆಟ್ಕೊಂಡಿದೆಯೇನೇ?" ಎಂದು ಕೂಗಿದವಳು ಫೆಲಿಸ್ಮಿನಾ ಚಿಕ್ಕಮ್ಮ. ಮಾರಲು ತಂದ, ಉಪ್ಪುನೀರಿನಲ್ಲಿ ನೆನೆಸಿದ ಹಳದಿ ಕಾಳಿನ ಬುಟ್ಟಿಯ ಹಿಂದೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಅವ್ರು ನಮಗಿಂತ ಬಡವ್ರು, ಚಿಕ್ಕಮ್ಮ."

"ಬಡವ್ರಾದ್ರೆ ಸಂಜೆ ಮನೇಗೆ ಕರ್ಕೊಂಡೋಗಿ ಸೂಪು ಹಾಕು. ಇಲ್ಲಿ ಅವ್ರು ಹನ್ನೊಂದು ಜನ ಕಳ್ಳರು!"

ಹಿಂದಿನಿಂದ ಯಾರೋ ಅಂದರು: "ಇಂಥ ಮಗಳಿದ್ರೆ ಅನಿಸೆತೊಗೆ ಜೈಲೇ ಹಾಯಾಗಿರ್ಬೇಕು ಬಿಡಪ್ಪ." ಎಲ್ಲರೂ ನಕ್ಕರು. ನಕ್ಕವರೇ ಮರುಕ್ಷಣ ಮೈದಾನದ ಕಡೆ ಮುಖ ತಿರುಗಿಸಿಕೊಂಡರು. ಚಿಕ್ಕಮ್ಮ ಒಂದು ಪೊಟ್ಟಣ ಕಾಳು ನನ್ನ ಕೈಗೆ ತುರುಕಿ, "ಬಾ, ಇಲ್ಲಿ ನನ್ನ ಪಕ್ಕ ನಿಂತ್ಕೋ, ಬಾಯಿಗೆ ಏನಾದ್ರೂ ಹಾಕ್ಕೊಂಡು ಸುಮ್ನಿರು" ಎಂದಳು.

ಅಂದಿನಿಂದ ಪ್ರತಿ ಭಾನುವಾರ ಅವಳ ಪಕ್ಕ. ರೆಫರಿಯ ವಂಶವನ್ನೆಲ್ಲ ಅವಳು ಜಾಲಾಡುವುದನ್ನು ಕೇಳಿದರೆ ನನ್ನ ಕರಪತ್ರಗಳು ಎಷ್ಟು ಸಪ್ಪೆ ಎನ್ನಿಸುತ್ತದೆ. ಮೊದಮೊದಲು ನಾನು ಚೆಂಡನ್ನೇ ನೋಡುತ್ತಿದ್ದೆ, ನಿನಗೂ ಅದನ್ನೇ ಬರೆಯುತ್ತಿದ್ದೆ: ಇವನಿಂದ ಅವನಿಗೆ, ಅವನಿಂದ ಇವನಿಗೆ. ನೀನು ಪಾಪ, "ಚೆನ್ನಾಗಿದೆ" ಎಂದು ಬರೆಯುತ್ತಿದ್ದೆ. ಒಂದು ದಿನ ಚಿಕ್ಕಮ್ಮ ನನ್ನ ಗಲ್ಲ ಹಿಡಿದು ಮುಖವನ್ನೇ ತಿರುಗಿಸಿದಳು.

"ಚೆಂಡನ್ನ ನಾಯಿ ಬೇಕಾದ್ರೂ ನೋಡುತ್ತೆ ಕಣೇ. ಅದು ಇಲ್ದಿದ್ದ ಕಡೆ ನೋಡು. ಆ ಎಡಗಡೆ ಬ್ಯಾಕ್ ತಿಯೊಡೊಮಿರೊನ ನೋಡು. ನಿಮ್ಮಪ್ಪ ಆಡ್ತಿದ್ದ ಜಾಗ."

ಆಗ ಕಂಡದ್ದು ಹೀಗೆ: ಬಲಗಡೆಯ ಬ್ಯಾಕ್ ಗೋಲಿನ ಆಸೆಗೆ ಬಿದ್ದು ಮುಂದೆ ಓಡಿದ್ದ. ಅವನ ಜಾಗ ಬರಿದಾಗಿತ್ತು. ಯಾರೂ ಹೇಳದೆ, ಯಾರೂ ನೋಡದೆ, ತಿಯೊಡೊಮಿರೊ ಅಷ್ಟೂ ಅಗಲ ಕೆಸರು ದಾಟಿ ಬಂದು ಅಲ್ಲಿ ನಿಂತ. ಚೆಂಡು ಆ ಕಡೆ ಬರಲೇ ಇಲ್ಲ. ಅವನು ಸುಮ್ಮನೆ ತನ್ನ ಜಾಗಕ್ಕೆ ವಾಪಸಾದ.

"ಇದಕ್ಕೆ ಚಪ್ಪಾಳೆ ಇಲ್ವಾ?" ಎಂದೆ.

"ಇದಕ್ಕೆ ಬೈಗುಳ ಸಿಗುತ್ತೆ" ಎಂದಳು. ನಾನು ಹುಟ್ಟುವ ಮುಂಚೆ ನೀನು ಆಡಿದ ಒಂದು ಪಂದ್ಯದ ಕಥೆ ಹೇಳಿದಳು. ಬಲಗಡೆಯ ಝೆಫೆರಿನೊ ಜಾಗ ಬಿಟ್ಟುಹೋದ. ನೀನು ಓಡಿಬಂದು ಅಡ್ಡ ಬಿದ್ದೆ. ಚೆಂಡು ನಿನ್ನ ಮೊಣಕಾಲಿಗೆ ತಗುಲಿ ನಮ್ಮದೇ ಗೋಲಿನೊಳಗೆ ಹೋಯಿತು. ಪಂದ್ಯ ಸೋತೆವು. ವರ್ಷವಿಡೀ ಊರು ನಿನ್ನನ್ನು ಬೈಯಿತು. "ಒಂದು ಸಲನಾದ್ರೂ ಝೆಫೆರಿನೊ ಹೆಸ್ರು ಎತ್ತಿದ್ನಾ ನಿಮ್ಮಪ್ಪ? ಬೈದೋರಿಗೆಲ್ಲ ತಲೆ ಆಡಿಸ್ತಿದ್ದ. ಅಷ್ಟೇ. ನಂಗೆ ರೇಗ್ತಿತ್ತು. ನಿಮ್ಮಮ್ಮ ಎರ್ಮೆಲಿಂಡಾ ಮಾತ್ರ ಅದನ್ನ ನೋಡೇ ಅವನನ್ನ ಮದುವೆ ಆಗಿದ್ದು."

ಅಪ್ಪಾ, ನೀನಾಗಲಿ ಅಮ್ಮನಾಗಲಿ ನನಗೆ ಇದನ್ನು ಹೇಳಲೇ ಇಲ್ಲ. ಒಗ್ಗಟ್ಟು ಎಂಬ ಪದವನ್ನು ನಾನು ಕಾಗದದಲ್ಲಿ ಓದಿ ಕಲಿತೆ. ಅದೇ ಮನೆಯಲ್ಲಿ ನನ್ನೆದುರು ಕೂತು ನೀನು ಸಾರ್ಡೀನ್ ಮೀನಿನ ಮುಳ್ಳು ಬಿಡಿಸುತ್ತಿದ್ದೆ, ನಾನು ನಿನ್ನನ್ನು ನಿದ್ದೆಯಲ್ಲಿರುವ ಮನುಷ್ಯ ಎಂದುಕೊಂಡಿದ್ದೆ.

ಮೂರು ಭಾನುವಾರಗಳ ಹಿಂದಿನ ಪಂದ್ಯದ ವರದಿ ಇನ್ನೂ ನಿನಗೆ ಬಾಕಿ. ನದಿಯ ಕಡೆಯಿಂದ ಗಾಳಿ, ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಒಂದು ಗೋಲಿನಿಂದ ಸೋತೆವು. ರೆಫರಿ ಕುರುಡ ಎಂಬುದು ಚಿಕ್ಕಮ್ಮನ ಅಭಿಪ್ರಾಯ, ನನ್ನದೂ ಅದೇ. ಆಟ ಮುಗಿಯುವ ಹೊತ್ತಿಗೆ ತಿಯೊಡೊಮಿರೊ ಮತ್ತೆ ಹಾಗೆಯೇ ಓಡಿದ, ಯಾರದೋ ಬರಿದಾದ ಜಾಗಕ್ಕೆ. ಎಲ್ಲರೂ ಆ ತುದಿಯಲ್ಲಿದ್ದ ಚೆಂಡು ನೋಡಿ ಕಿರುಚುತ್ತಿದ್ದರು. ನಾನೊಬ್ಬಳು ಈ ತುದಿಗೆ ಚಪ್ಪಾಳೆ ತಟ್ಟಿದೆ. "ಬಂತು ನೋಡು ಬುದ್ಧಿ" ಎಂದು ಚಿಕ್ಕಮ್ಮ ಬೆನ್ನಿಗೆ ಗುದ್ದಿದಳು. ನಿನಗೆ ಹೇಳೋಣವೆಂದು ಪಕ್ಕಕ್ಕೆ ತಿರುಗಿದೆ. ಅಲ್ಲಿ ಯಾರೋ ಕೊಡೆ ಹಿಡಿದ ದಪ್ಪ ಮನುಷ್ಯ ನಿಂತಿದ್ದ. ಮೈದಾನದಿಂದ ಮನೆಯವರೆಗೂ ಅತ್ತೆ. ಸೋತಿದ್ದಕ್ಕೆ ಅಳುತ್ತಿದ್ದಾಳೆ ಎಂದುಕೊಂಡು ದಾರಿಯಲ್ಲಿ ಜನ ನನಗೆ ಸಮಾಧಾನ ಹೇಳಿದರು. ಸುಖವೆನ್ನಿಸಿತು, ನಿಜ ಹೇಳಬೇಕೆಂದರೆ.

ಹದಿನಾಲ್ಕು ತುಂಬಿದ ಮೇಲೆ ನಾನು ನಿನ್ನ ಆಶೀರ್ವಾದ ಕೇಳಿಲ್ಲ. ದೇವರಿಲ್ಲದವಳಿಗೆ ಅದೇಕೆ ಎಂದು ಸೊಕ್ಕು. ಇಂದು ಕೇಳುತ್ತೇನೆ. ದೇವರ ಹೆಸರಿನಲ್ಲಿ ಕೊಡು, ಇಲ್ಲವೇ ನಿನ್ನ ಹೆಸರಿನಲ್ಲಿ ಕೊಡು. ಯಾವುದಾದರೂ ತಲೆಬಾಗಿ ತೆಗೆದುಕೊಳ್ಳುತ್ತೇನೆ. ಆ ಕೋಟೆಯ ತೇವ ನಿನ್ನ ಎದೆಗೆ ಇಳಿಯದಿರಲಿ. ನಿನ್ನ ಕಾಲುಗಳಲ್ಲಿ ನಡೆಯುವ ಬಲ ಇರಲಿ.

ನಿನ್ನ ಮಗಳು,
ಒಟೀಲಿಯಾ

ಮರೆತ ಮಾತು: ಮರೆತದ್ದಲ್ಲ, ಇಲ್ಲಿಯವರೆಗೆ ತಳ್ಳಿಕೊಂಡು ಬಂದೆ. ಹೋದ ಎರಡು ಭಾನುವಾರ ನಾನು ಆಟಕ್ಕೆ ಹೋಗಿಲ್ಲ. ಭೇಟಿಗೆ ಒಬ್ಬಳೇ ಬಂದಾಗ ಅಮ್ಮನಿಗೆ ಮಂಡಿನೋವು ಎಂದಿದ್ದೆನಲ್ಲ, ಅದು ಮಂಡಿನೋವಲ್ಲ. ಬಿರಡೆಯ ಧೂಳು ಎದೆಗೆ ಹೋಗಿದೆ. ಕೆಮ್ಮಿದರೆ ರಕ್ತ. ಈಸ್ಟರ್ ಕಾಣುವುದು ಅನುಮಾನ ಎಂದರು ಡಾಕ್ಟರು. ನಿನಗೆ ಬರೆಯಬಾರದೆಂದು ಅಮ್ಮ ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು. ಪಕ್ಕದಲ್ಲಿ ಕೂತು "ನಾನಿದ್ದೀನಲ್ಲ ಅಮ್ಮಾ" ಎಂದರೆ, "ನೀನಿದ್ದೀಯ, ಗೊತ್ತು ಕಣೇ. ಅವ್ನೆಲ್ಲಿ?" ಎನ್ನುತ್ತಾಳೆ.

ಗುರುವಾರ ಬೆಳಿಗ್ಗೆ ಪೊಲೀಸರ ಬಳಿ ಹೋಗುತ್ತೇನೆ. ಬರೆದವಳು ನಾನೇ ಎಂದು ಹೇಳಿ, ಕರಪತ್ರದ ಆ ಅಚ್ಚಿನಂಥ ಅಕ್ಷರದಲ್ಲೇ ಅವರೆದುರು ಬರೆದು ತೋರಿಸುತ್ತೇನೆ, ಆಗ ನಂಬಲೇಬೇಕು. ನಿನ್ನನ್ನು ಕರೆದು ಕೇಳಿದರೆ, ಈ ಸಲ ನೀನು ಅಡ್ಡ ಬರಬೇಡ. ನೀನು ಬರುವವರೆಗೆ ಚಿಕ್ಕಮ್ಮ ಅಮ್ಮನ ಹತ್ತಿರ ಇರುತ್ತಾಳೆ. ಅಮ್ಮನಿಗೆ ಏನೂ ಹೇಳಿಲ್ಲ. ನಾನೆಲ್ಲಿ ಎಂದು ಕೇಳಿದರೆ, ಆಟ ನೋಡಲು ಹೋಗಿದ್ದಾಳೆ ಎನ್ನು. ನೀನು ಬಂದ ಮೇಲೆ ಕೇಳುತ್ತಾಳೋ ಇಲ್ಲವೋ.