ಕಲ್ಲಿನ ಮೇಲೆ ಕೂತ ಮನೆ

ನವೆಂಬರ್ 5, 1951. ಸೋಮವಾರ

ಬಂಗಲೆಯ ಪರದೆ ಇನ್ನೂ ಎರಡು ಬಾಕಿ. ಹೂವಿನ ಬಟ್ಟೆ, ಒಳಗೆ ದಪ್ಪ ಅಸ್ತರಿ. ಕಬ್ಬಿನ ತೋಟದ ಮ್ಯಾನೇಜರ್ ಥಾರ್ನ್ ದೊರೆಯ ಹೆಂಡತಿಗೆ ಕಿಟಕಿ ತೆಗೆದರೆ ನಮ್ಮ ಹಲಗೆ ಮನೆಗಳು ಕಾಣುತ್ತವಂತೆ. ಕಣ್ಣಿಗೆ ಚುಚ್ಚುತ್ತವಂತೆ. ಹೇಳಿದ್ದು ಯಾರಿಗೆ? ಆ ಮನೆಗಳಲ್ಲೊಂದರಿಂದ ಎದ್ದು ಹೋಗಿ ಅಳತೆ ತೆಗೆಯುತ್ತಿದ್ದ ನನಗೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದೆ, ಪುಣ್ಯ.

ಅಮ್ಮ ಕಾಂಕಿ ಬೇಯಿಸಿದಳು. ಮೆಕ್ಕೆಜೋಳದ ಹಿಟ್ಟು, ಕುಂಬಳ, ತೆಂಗಿನತುರಿ, ಬಾಳೆಲೆ. ವರ್ಷಕ್ಕೆ ಈ ಒಂದು ದಿನ. ಮುನ್ನೂರು ವರ್ಷದ ಹಿಂದೆ ಲಂಡನ್ನಿನಲ್ಲಿ ಯಾವನೋ ಪಾರ್ಲಿಮೆಂಟಿಗೆ ಸಿಡಿಮದ್ದು ಇಡಲು ಹೋಗಿ ಸಿಕ್ಕಿಬಿದ್ದನಂತೆ, ಅದಕ್ಕೆ ಬಾರ್ಬಡೋಸಿನಲ್ಲಿ ನಾವು ಕಾಂಕಿ ತಿನ್ನಬೇಕು. ಯಾಕಮ್ಮ ಅಂದೆ. ತಿನ್ನೋಕೆ ಸಿಕ್ಕಾಗ ಯಾಕೆ ಅಂತ ಕೇಳಬಾರದು ಅಂದಳು.

ಸಂಜೆ ಮತದಾರರ ಪಟ್ಟಿಯವನು ಬಂದ. ಕೆಟೂರಾ ಗ್ರೀನಿಜ್, ಎಪ್ಪತ್ತೆರಡು, ಸೇಂಟ್ ಜಾನ್ ಪ್ಯಾರಿಷ್. ಯೂನಾ ಗ್ರೀನಿಜ್, ಮೂವತ್ತೆಂಟು, ಹೊಲಿಗೆ. ಇಲ್ಲಿಯವರೆಗೆ ಆಸ್ತಿ, ಆದಾಯ ಇದ್ದವರಿಗೆ ಮಾತ್ರ ವೋಟು. ಈ ಸಲ ವಯಸ್ಸಿಗೆ ಬಂದವರಿಗೆಲ್ಲ. ಅಮ್ಮನಿಗೆ ಓದಲು ಬಾರದು. ಆದರೂ ಅವನ ಹೆಗಲ ಮೇಲಿಂದ ಬಗ್ಗಿ, ಅವನು ಬರೆದು ಮುಗಿಸುವವರೆಗೂ ನೋಡುತ್ತಲೇ ಇದ್ದಳು.

ನವೆಂಬರ್ 9. ಶುಕ್ರವಾರ

ನಮ್ಮ ಮನೆಯ ಮೆಟ್ಟಿಲ ಮೇಲೆ ಮೀಟಿಂಗು! ಬಡಗಿ ಕ್ಲೆಮೆಂಟ್ ಗಿಟೆನ್ಸ್ ಭಾಷಣ ಮಾಡಿದ. ಇಪ್ಪತ್ತಾರು ವರ್ಷ, ಕಡ್ಡಿಯಂಥ ಮೈ, ದನಿ ಮಾತ್ರ ಚರ್ಚಿನ ಗಂಟೆ. ಕಬ್ಬು ಕಡಿಯುವವನು ವೋಟಿಗೆ ನಿಲ್ಲಬಹುದು, ಗೆಲ್ಲಬಹುದು, ಒಂದು ದಿನ ಗವರ್ನರ್ ತನ್ನ ಗರಿಯ ಟೊಪ್ಪಿಗೆ ಎತ್ತಿಕೊಂಡು ಹಡಗು ಹತ್ತಬಹುದು ಅಂದ. ಜನ ನಕ್ಕರು. ಅಮ್ಮ ನಗಲಿಲ್ಲ. ಕೊನೆಯಲ್ಲಿ ಅವನಿಗೆ ಉಳಿದ ಕಾಂಕಿ ಎರಡು ಕೊಟ್ಟಳು. ನನಗೆ ಎತ್ತಿಟ್ಟದ್ದು.

ನವೆಂಬರ್ 12

ನೋಟೀಸು. ಎರಡು ವಾರದಲ್ಲಿ ಜಾಗ ಖಾಲಿ ಮಾಡಬೇಕು. ಕಾರಣ ಬರೆದಿಲ್ಲ. ಕಾರಣ ಬರೆಯುವ ಮರ್ಯಾದೆ ನಮಗೆ ಯಾಕೆ?

ಪರದೆ ಕೊಡಲು ಹೋದಾಗ ಥಾರ್ನ್ ವರಾಂಡದಲ್ಲೇ ಇದ್ದ. ನಯವಾಗಿಯೇ ಮಾತಾಡಿದ. ಅದೇ ಮೈ ಉರಿಸಿದ್ದು. ನಿಮ್ಮ ತಾಯಿಗೆ ವಯಸ್ಸಾಯಿತು, ಪಕ್ಕದ ಪ್ಯಾರಿಷ್ ಸೇಂಟ್ ಫಿಲಿಪ್‌ನಲ್ಲಿ ನಿಮ್ಮ ಅಕ್ಕ ಇದ್ದಾಳಲ್ಲ, ಅಲ್ಲಿಗೆ ಹೋಗಿ ಅಂದ. ಹೋದರೆ ಇಲ್ಲಿನ ಪಟ್ಟಿಯಿಂದ ಹೆಸರು ಹೊಡೆಸುತ್ತೇನೆ ಅಂತಲೂ ಅಂದ — ಟೀಗೆ ಸಕ್ಕರೆ ಹಾಕಿಕೊಳ್ಳುತ್ತ. ಅವನಿಗೆ ಆ ಅಧಿಕಾರ ಇದೆಯೋ ಇಲ್ಲವೋ ಗೊತ್ತಿಲ್ಲ. ಇದ್ದ ಹಾಗೆ ಮಾತಾಡುತ್ತಾನೆ, ಅಷ್ಟು ಸಾಕು.

ಮನೆ ನಮ್ಮದು, ನೆಲ ಅವರದು. ಅಜ್ಜಿಯ ಕಾಲದಿಂದ ಇದೇ ಹಾಡು. ಅದಕ್ಕೇ ನಮ್ಮಲ್ಲಿ ಯಾರೂ ಮನೆಗೆ ಪಾಯ ಹಾಕುವುದಿಲ್ಲ. ಸಡಿಲ ಕಲ್ಲು ಜೋಡಿಸಿ ಅದರ ಮೇಲೆ ಹಲಗೆ ಮನೆ ಕೂರಿಸುವುದು. ಹೊರಡು ಅಂದರೆ ಗೋಡೆ ಬಿಚ್ಚು, ಗಾಡಿಗೆ ಹೇರು. ಗುಲಾಮಗಿರಿ ತೆಗೆದು ನೂರಾ ಹದಿನೇಳು ವರ್ಷ. ಸಂಕೋಲೆ ಬಿಚ್ಚಿದರು, ಕಾಲಿಡಲು ಗೇಣು ನೆಲ ಬಿಡಲಿಲ್ಲ.

ಅಮ್ಮ ಕೇಳಿದ್ದು ಒಂದೇ. "ಸೇಂಟ್ ಫಿಲಿಪ್‌ಗೆ ಹೋದ್ರೆ ನನ್ನ ವೋಟು?"

ನವೆಂಬರ್ 17. ಶನಿವಾರ

ತೋಟದ ಗಡಿಯಾಚೆ, ಹೆದ್ದಾರಿಗೆ ತಾಗಿ ಒಂದು ಉದ್ದನೆಯ ಕಲ್ಲುನೆಲ ಇದೆ. ಪನಾಮಾ ಬಾಯ್ಸ್ ಅನ್ನುವ ಮುದುಕನದು. ಕಾಲುವೆ ತೋಡಲು ಪನಾಮಾಕ್ಕೆ ಹೋಗಿ, ಎರಡು ಬೆರಳು ಅಲ್ಲೇ ಬಿಟ್ಟು, ಆ ದುಡ್ಡಲ್ಲಿ ಕೊಂಡದ್ದು. ಈ ಸುತ್ತಿನಲ್ಲಿ ತೋಟದವರದಲ್ಲದ ನೆಲ ಅದೊಂದೇ. ಗ್ರಹಚಾರ ನೋಡಿ — ಅಮ್ಮನಿಗೂ ಅವನಿಗೂ ಹದಿನೆಂಟು ವರ್ಷದಿಂದ ಮಾತಿಲ್ಲ. ಅಮ್ಮನ ಕುರಿ ಅವನ ತೊಗರಿ ಮೇದಿತ್ತು. ಅವನು ಕುರಿಗೆ ಕಲ್ಲು ಹೊಡೆದ. ಅಮ್ಮ ಅವನಿಗೆ ಹೊಡೆದಳು.

ನಾನು ಹೋಗುತ್ತೇನೆ ಅಂದೆ. ಬೇಡ ಅಂದಳು. ಹ್ಯಾಟು ಹಾಕಿಕೊಂಡು ತಾನೇ ಹೋದಳು. ನಾನು ಹಿಂದೆ.

ಬಾಯ್ಸ್ ಬಾಗಿಲಲ್ಲೇ ನಿಂತು ಪೂರ್ತಿ ಕೇಳಿದ.

"ಕುರಿ ಇದೆಯಾ ಈಗಲೂ?"

"ಇದೆ. ಅದರ ಮೊಮ್ಮಗಳು."

"ಕಟ್ಟಿ ಹಾಕು ಹಾಗಾದ್ರೆ," ಅಂದ. "ಮನೆ ಬರೋ ಶನಿವಾರ ತಂದಿಡಿ. ಪಟ್ಟಿಯಿಂದ ನಿನ್ನ ಹೆಸರು ಆ ಥಾರ್ನ್ ಹೇಗೆ ತೆಗೆಸ್ತಾನೋ ನಾನೂ ನೋಡ್ತೀನಿ, ಕೆಟೂರಾ."

ಅಮ್ಮ ದಾರಿಯುದ್ದಕ್ಕೂ ಅವನನ್ನು ಬೈದಳು. ಅತ್ತಳು ಕೂಡ.

ನವೆಂಬರ್ 24. ಶನಿವಾರ, ಸಂಜೆ

ಮೈಯೆಲ್ಲ ನೋವು. ಪೆನ್ಸಿಲ್ ಹಿಡಿಯಲು ಆಗುತ್ತಿಲ್ಲ.

ಮೂವತ್ತು ಜನ ಬಂದರು. ತೋಟದ ಕೂಲಿಯವರೂ ಬಂದರು, ನೋಟೀಸಿಗೆ ಹೆದರದೆ. ಕ್ಲೆಮೆಂಟ್ ಪ್ರತಿ ಗೋಡೆಗೂ ಸೀಮೆಸುಣ್ಣದಲ್ಲಿ ನಂಬರ್ ಹಾಕಿದ್ದ. ಗೋಡೆ ಇಳಿಸಿ ಗಾಡಿಗೆ ಹೇರುವಷ್ಟರಲ್ಲಿ ಮಳೆ ಹೊಯ್ದು ನಂಬರೆಲ್ಲ ತೊಳೆದುಹೋಯಿತು. ಒಬ್ಬ ಹೀಗೆ ಅಂದ, ಇನ್ನೊಬ್ಬ ಹಾಗೆ ಅಂದ. ಮಾಡು ಕೂರಿಸಿ ದೂರ ನಿಂತು ನೋಡಿದರೆ — ಮನೆ ಹಿಂದುಮುಂದು! ರಸ್ತೆಗೆ ಬೆನ್ನು. ಬಾಗಿಲು ನೇರ ಗುಡ್ಡದ ಮೇಲಿನ ಬಂಗಲೆಗೆ.

ಕ್ಲೆಮೆಂಟ್ ಮುಖ ಬಾಡಿತು. ಬಿಚ್ಚಿ ತಿರುಗಿಸುತ್ತೇನೆ ಅಜ್ಜಿ ಅಂದ. ಅಮ್ಮ ಕುರ್ಚಿ ತರಿಸಿ ಬಾಗಿಲಲ್ಲೇ ಹಾಕಿ ಕೂತಳು.

"ಇರ್ಲಿ ಬಿಡಪ್ಪ. ಪರದೆ ಸರಿಸಿದಾಗೆಲ್ಲ ನನ್ನ ಮುಖ ನೋಡ್ಲಿ."

ಡಿಸೆಂಬರ್ 13. ಗುರುವಾರ

ಅಮ್ಮ ವೋಟು ಹಾಕಿದಳು. ಬೆಳಿಗ್ಗೆ ಆರಕ್ಕೇ ಸಾಲಲ್ಲಿ ನಿಂತಳು. ಹೆಸರು ಪಟ್ಟಿಯಲ್ಲಿ ಇತ್ತು, ಯಾರೂ ಹೊಡೆದಿರಲಿಲ್ಲ. ಥಾರ್ನ್ ಬಾಯಿಗೆ ಹೆದರಿ ಸೇಂಟ್ ಫಿಲಿಪ್‌ಗೆ ಹೋಗಿಬಿಟ್ಟಿದ್ದರೆ!

ಮನೆಗೆ ಬಂದು ಮೀನು ಹುರಿದಳು.

ಮಾರ್ಚ್ 3, 1957

ಪನಾಮಾ ಬಾಯ್ಸ್ ಹೋದ. ಮೂರು ದಿನವಾಯಿತು. ಕಲ್ಲುನೆಲ ಅಮ್ಮನ ಹೆಸರಿಗೆ ಬರೆದಿಟ್ಟಿದ್ದಾನೆ. ಕೊನೆಯ ಸಾಲಲ್ಲಿ — ಕುರಿ ಕಟ್ಟಿಹಾಕತಕ್ಕದ್ದು.

ಆಗಸ್ಟ್ 20, 1959

ಅಮ್ಮನ ಕುರ್ಚಿ ಒಳಗೆ ತೆಗೆದಿಟ್ಟೆ.

ಮೇ 31, 1962

ಫೆಡರೇಷನ್ ಇವತ್ತಿಗೆ ಮುಗಿಯಿತಂತೆ. ಹತ್ತು ದ್ವೀಪ ಸೇರಿಸಿ ಒಂದು ದೇಶ ಮಾಡುತ್ತೇವೆ ಅಂದವರು ಐದು ವರ್ಷ ಬಾಳಿಸಲಿಲ್ಲ. ನನ್ನ ಹೊಲಿಗೆ ಮಶೀನಿನ ಬೆಲ್ಟು ಅದಕ್ಕಿಂತ ಜಾಸ್ತಿ ಬಂತು.

ನವೆಂಬರ್ 14, 1966. ಸೋಮವಾರ

ನೂರ ಇಪ್ಪತ್ತು ಬಾವುಟ. ಶಾಲೆಯ ಮಕ್ಕಳಿಗೆ. ನೀಲಿ, ಬಂಗಾರದ ಬಣ್ಣ, ನೀಲಿ, ನಡುವೆ ಕರಿಯ ತ್ರಿಶೂಲದ ತುದಿ. ಹಿಡಿ ಮುರಿದ ತ್ರಿಶೂಲ — ಹಳೆಯ ಆಡಳಿತದಿಂದ ಮುರಿದುಕೊಂಡೆವು ಅಂತ ಅರ್ಥವಂತೆ. ಹೊಲಿಯಲು ಕೈ ನೋಯುತ್ತದೆ. ಆದರೂ ಪ್ರತಿ ಸಲ ಆ ಕಪ್ಪು ತುಂಡು ಇಟ್ಟು ಮಶೀನು ತುಳಿಯುವಾಗ ಒಳಗೆ ಏನೋ ಹಿಗ್ಗು. ಐವತ್ತಮೂರು ವರ್ಷದವಳಿಗೆ ಇದೇನು ಹುಡುಗಾಟ! ಅಮ್ಮ ಇರಬೇಕಿತ್ತು.

ಕಾಂಕಿ ಐದನೇ ತಾರೀಕು ಮಾಡಲಿಲ್ಲ. ಮೂವತ್ತಕ್ಕೆ, ಸ್ವಾತಂತ್ರ್ಯದ ದಿನ ಮಾಡುತ್ತೇನೆ. ಲಂಡನ್ನಿನ ಮದ್ದಿನವನು ಈ ವರ್ಷ ಉಪವಾಸ ಇರಲಿ.

ನವೆಂಬರ್ 21. ಸೋಮವಾರ

ಕ್ಲೆಮೆಂಟ್ ಬಂದಿದ್ದ. ಈಗ ಬಡಗಿ ಅಲ್ಲ. ಪ್ಯಾರಿಷ್ ಆಚರಣೆ ಸಮಿತಿಯ ಕಾರ್ಯದರ್ಶಿ. ಟೈ, ಫೈಲು, ಸಣ್ಣ ಹೊಟ್ಟೆ. ಬಂದವನು ಎಂದಿನಂತೆ ಶುರುಮಾಡಿದ: ನೆಲ ನಿಮ್ಮದಾಗಿ ಒಂಬತ್ತು ವರ್ಷ, ಇನ್ನಾದರೂ ಪಾಯ ಹಾಕಿಸಿ ಅಕ್ಕ. ಹಾಕಿಸೋಣ ಅಂದೆ, ಎಂದಿನಂತೆ. ಅಭ್ಯಾಸ ಹೋಗುವುದಿಲ್ಲ. ಕಲ್ಲು ಸಡಿಲ ಇದ್ದರೇ ನಿದ್ದೆ.

ಆಮೇಲೆ ಫೈಲು ತೆಗೆದ. ಮುಂದಿನ ಸೋಮವಾರ ಲಂಡನ್ನಿನ ಅತಿಥಿಗಳ ಕಾರುಗಳು ನಮ್ಮ ರಸ್ತೆಯಲ್ಲಿ ಹೋಗುತ್ತವೆ. ರಸ್ತೆ ಬದಿ ಅಲಂಕಾರ ಆಗಬೇಕು. ನನ್ನ ನೆಲದಲ್ಲಿ ತಗಡು ನೆಟ್ಟು, ಅದಕ್ಕೆ ತೆಂಗಿನ ಗರಿ ಕಟ್ಟಿ ಉದ್ದನೆಯ ಬೇಲಿ ಹಾಕುತ್ತಾರಂತೆ. ಮಕ್ಕಳು ಬೇಲಿಯ ಮುಂದೆ ನಿಂತು ಬಾವುಟ ಬೀಸುತ್ತಾರೆ.

ಬೇಲಿಯ ಹಿಂದೆ? ನಾನು ಕೇಳಿದೆ.

ಫೈಲಿನೊಳಗೆ ನೋಡಿದ.

"ಐದು ದಿನದ ಮಾತು ಅಕ್ಕ. ಫೋಟೋದವರು ಬರ್ತಾರೆ. ನಿಮ್ಮ ಮನೆ ರಸ್ತೆಗೆ ಬೆನ್ನು ಹಾಕಿ ಕೂತಿದೆ, ಹಲಗೆ ಬೇರೆ ಕರ್ರಗಾಗಿದೆ. ಹೊಸ ದೇಶ ಅಂದ್ರೆ ಗುಡಿಸಲು ಅಂತ ಬರೆದ್ರೆ?"

"ಬೆನ್ನು ತಿರುಗಿಸಿ ಇಟ್ಟವನು ಯಾರು, ಕ್ಲೆಮೆಂಟ್?"

ಕೆಂಪಗಾಗುವ ಬಣ್ಣ ನಮ್ಮದಲ್ಲ, ಆದರೂ ಅವನ ಮುಖ ಕೆಂಪಾಯಿತು. ಸಮಿತಿಯ ತೀರ್ಮಾನ ಅಂದ. ಸಮಿತಿಯಲ್ಲಿ ಯಾರು ಯಾರು ಅಂತ ಕೇಳಿದೆ. ಹೆಸರು ಹೇಳುತ್ತಾ ಹೋದ. ನಾಲ್ಕನೆಯ ಹೆಸರು ಥಾರ್ನ್.

ಸಮಾರಂಭದಲ್ಲಿ ಮುಂದಿನ ಸಾಲಿನ ಕುರ್ಚಿಯೂ ಥಾರ್ನ್‌ಗೆ. ನನ್ನ ಕುರ್ಚಿ ಎಲ್ಲಿ ಅಂತ ಕೇಳಲಿಲ್ಲ.

ಅದೇ ದಿನ, ರಾತ್ರಿ ಊಟದ ಮೇಲೆ

ಸಿಟ್ಟು ಇಳಿಯುತ್ತಿಲ್ಲ. ಥಾರ್ನ್ ಮಾಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಹಾವು ಕಚ್ಚಿದರೆ ಹಾವು ಅನ್ನಬಹುದು. ಇವನು ನಮ್ಮ ಮೆಟ್ಟಿಲು ಹತ್ತಿ ದೊಡ್ಡವನಾದವನು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ಬಾವುಟ ಏರಿಸುವುದೂ ಅರ್ಧರಾತ್ರಿಗೇ ಅಲ್ಲವೆ!

ನಾನು ಪರದೆ ಹೊಲಿದವಳು. ಪರದೆ ಯಾಕೆ ಹಾಕುತ್ತಾರೆ ಗೊತ್ತು. ಅಂದು ಕಿಟಕಿಗೆ, ಇಂದು ರಸ್ತೆಗೆ. ಮುಚ್ಚುವುದು ಮಾತ್ರ ಅದೇ ಮನೆ.

ನವೆಂಬರ್ 24. ಗುರುವಾರ

ಬೇಲಿ ಬಂತು. ನನ್ನನ್ನು ಕೇಳಲಿಲ್ಲ. ನನ್ನ ನೆಲದಲ್ಲಿ ಗುಂಡಿ ತೋಡಿ ಕಂಬ ನೆಟ್ಟರು. ಬಾಯ್ಸ್ ಇದ್ದಿದ್ದರೆ ಕಲ್ಲು ಎತ್ತುತ್ತಿದ್ದ.

ಅವರು ಹೋದ ಮೇಲೆ ಹೊಲಿಗೆಯ ಟೇಪು ಹಿಡಿದುಕೊಂಡು ಹೋದೆ. ಮಕ್ಕಳು ನಿಲ್ಲಲಿ ಅಂತ ಬೇಲಿಯನ್ನು ಒಳಗೆ ಸರಿಸಿ ಹಾಕಿದ್ದಾರೆ. ರಸ್ತೆಯಿಂದ ಬೇಲಿಗೆ ಹದಿನೆಂಟು ಅಡಿ. ಅಷ್ಟೂ ನನ್ನ ನೆಲ. ಪತ್ರ ಇದೆ, ಟ್ರಂಕಿನಲ್ಲಿ.

ಮನೆಯ ಅಗಲ ಒಂಬತ್ತು ಅಡಿ.

ಎರಡು ಸಲ ಅಳೆದೆ. ಆಮೇಲೆ ಒಬ್ಬಳೇ ಕೂತು ನಕ್ಕೆ. ಪಾಯ ಹಾಕಿಸದೇ ಇದ್ದದ್ದು ಎಷ್ಟು ಒಳ್ಳೆಯದಾಯಿತು.

ನವೆಂಬರ್ 25

ಮನೆಮನೆಗೂ ಹೋಗಿ ಬಂದೆ. ಅಂದು ಗೋಡೆ ಹೊತ್ತವರಲ್ಲಿ ಹನ್ನೊಂದು ಜನ ಉಳಿದಿದ್ದಾರೆ. ಮಿಕ್ಕವರಲ್ಲಿ ಕೆಲವರಿಗೆ ಸೊಂಟ ಇಲ್ಲ, ಕೆಲವರು ಇಂಗ್ಲೆಂಡಿನಲ್ಲಿ ಬಸ್ಸು ಓಡಿಸುತ್ತಿದ್ದಾರೆ. ಇದ್ದವರು ಯಾಕೆ ಅಂತ ಕೇಳಲೇ ಇಲ್ಲ. ಎಷ್ಟು ಹೊತ್ತಿಗೆ ಅಂತ ಮಾತ್ರ ಕೇಳಿದರು. ಶನಿವಾರದ ಊಟ, ರಕ್ತದ ಕಡುಬು ಮತ್ತು ಹಂದಿ ಉಪ್ಪಿನಕಾಯಿ, ನನ್ನ ಲೆಕ್ಕ ಅಂದೆ.

ಕ್ಲೆಮೆಂಟ್‌ಗೆ ಹೇಳಿಲ್ಲ. ಯಾಕೆ ಹೇಳಬೇಕು?

ನವೆಂಬರ್ 26. ಶನಿವಾರ, ಬೆಳಿಗ್ಗೆ ಹತ್ತು

ಮಾಡು ಇಳಿದಿದೆ. ತಲೆಯ ಮೇಲೆ ನೇರ ಆಕಾಶ. ಬಿಸಿಲು ಈ ಪುಟದ ಮೇಲೇ ಬಿದ್ದಿದೆ. ಮಶೀನು, ಟ್ರಂಕು, ಅಮ್ಮನ ಕುರ್ಚಿ ಆಗಲೇ ಹೊಸ ಜಾಗದಲ್ಲಿ, ಬೇಲಿಯ ಮುಂದೆ. ಬೇಲಿಯಲ್ಲಿ ಎರಡು ತಗಡು ಬಿಚ್ಚಿ ದಾರಿ ಮಾಡಿದ್ದಾರೆ. ಹಿಂದೆ ಹಸಿರು ತೆಂಗಿನ ಗರಿ — ಮನೆಗೆ ಒಳ್ಳೆಯ ಅಲಂಕಾರವೇ ಆಯಿತು.

ಥಾರ್ನ್‌ನ ಕಾರು ಒಮ್ಮೆ ನಿಧಾನಿಸಿ ಮುಂದೆ ಹೋಯಿತು. ಅರ್ಧ ಗಂಟೆಗೆ ಕ್ಲೆಮೆಂಟ್ ಬಂದ. ಸೈಕಲ್ಲು, ಟೈ, ಫೈಲು. ರಸ್ತೆಯಲ್ಲೇ ನಿಂತ. ಪೊಲೀಸರನ್ನು ಕರೆಯಬೇಕಾಗುತ್ತದೆ ಅಂದ. ನೆಲದ ಪತ್ರ ತೋರಿಸಿದೆ. ಓದಿದ. ಕುರಿಯ ಸಾಲಿನವರೆಗೂ ಓದಿದ, ಮುಖ ನೋಡಿದರೆ ಗೊತ್ತಾಯಿತು.

"ಯಾಕಕ್ಕ ಹೀಗೆ ಮಾಡ್ತೀರಿ? ನಮ್ಮದೇ ದೇಶದ ದಿನ."

"ಅದಕ್ಕೇ," ಅಂದೆ. "ನಮ್ಮದೇ ದಿನ ಅಂತ ಬಾಗಿಲು ರಸ್ತೆಗೆ ಇಡ್ತಾ ಇದ್ದೀನಿ. ಅಮ್ಮ ನಿನಗೆ ಕೊಟ್ಟದ್ದು ನನ್ನ ಪಾಲಿನ ಕಾಂಕಿ, ಕ್ಲೆಮೆಂಟ್. ಅದು ಬೇಲಿ ಕಟ್ಟೋಕೆ ಅಲ್ಲ."

ಇನ್ನೂ ಅನ್ನುವುದಿತ್ತು. ಒಳಗೆ ಬಂದು ಈ ಪೆಟ್ಟಿಗೆಯ ಮೇಲೆ ಕೂತೆ. ಬರೆಯುತ್ತಿದ್ದೇನೆ.

ಹೊರಗೆ ಜಗಳ. ಯಾವ ಗೋಡೆ ಮೊದಲು ಅಂತ. ಈ ಸಲ ನಂಬರ್ ಹಾಕಲೇ ಇಲ್ಲ, ಮರೆತೇಬಿಟ್ಟೆವು. ಒಬ್ಬ ಹೀಗೆ ಅನ್ನುತ್ತಾನೆ, ಇನ್ನೊಬ್ಬ ಹಾಗೆ…

ಕ್ಲೆಮೆಂಟ್‌ನ ದನಿ. ಅದೇ ಚರ್ಚಿನ ಗಂಟೆ. "ಅದು ಹಿಂದಿನ ಗೋಡೆ ಕಣ್ರೋ! ಇನ್ನೊಂದು ಸಲ ಮಾನ ಕಳೀಬೇಡಿ. ಬಾಗಿಲಿನ ಗೋಡೆ ಇದು. ಸರೀರಿ, ನಾನು ಹಿಡೀತೀನಿ."

ಹಲಗೆಯ ಸಂದಿಯಲ್ಲಿ ಅವನ ಬೆರಳು ಕಾಣುತ್ತಿದೆ. ಟೈ ಎಲ್ಲೋ ಹೋಗಿದೆ.

ಏಳಿ ಅಕ್ಕ, ಏಳಿ, ಅನ್ನುತ್ತಿದ್ದಾನೆ, ನೀವು ಒರಗಿ ಕೂತಿರುವ ಗೋಡೆಯೇ ಈಗ—