ಈಶಾನ್ಯಕ್ಕೆ ವಾಲಿದ ಪೈಪು

ರೀ,

ಹೋಗುವವರು ಆ ಎರಡು ಪೈಪನ್ನಾದರೂ ಸೇರಿಸಿ ಹೋಗಬಾರದಿತ್ತೇ? ಸಿಟ್ಟು ಬರುತ್ತದೆ ನನಗೆ. ಬೊಮ್ಮಸಂದ್ರದ ಫ್ಯಾಕ್ಟರಿಗೆ ಶಿಫ್ಟಿನವರನ್ನು ಹೊತ್ತು ಹೊತ್ತು ಸುಸ್ತಾದ ನಮ್ಮ ವ್ಯಾನಿನ ಸೀಟುಗಳನ್ನೆಲ್ಲ ಕಿತ್ತುಹಾಕಿ, ಅದರೊಳಗೆ ಮಂಚ, ಒಲೆ, ಪಾತ್ರೆ ತೊಳೆಯುವ ಸಿಂಕು, ಮೂಲೆಯಲ್ಲಿ ಶವರಿನ ಬಚ್ಚಲು, ಎಲ್ಲ ಮಾಡಿದಿರಿ. ನೀರು ಹೊರಗೆ ಹೋಗುವ ದಾರಿಯೊಂದು ಬಾಕಿ ಇತ್ತು. ‘ಭಾನುವಾರ ಮಾಡ್ತೀನಿ ಕಣೇ’ ಅಂದಿರಿ. ಶುಕ್ರವಾರ ಎದೆ ಹಿಡಿದುಕೊಂಡು ಕೂತವರು ಮತ್ತೆ... ಇರಲಿ ಬಿಡಿ.

ದಾವಣಗೆರೆಯ ಆ ಲಾಡ್ಜು ನೆನಪಿದೆಯಾ? ಹುಬ್ಬಳ್ಳಿಯಲ್ಲಿ ಮಗಳ ಮನೆಯಲ್ಲಿರುವ ಅತ್ತೆಯ ಅಕ್ಕ, ನಿಮ್ಮ ದೊಡ್ಡವ್ವನನ್ನು ನೋಡಲು ಅತ್ತೆಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೊರಟಿದ್ದೆವು. ಅತ್ತೆಯ ಮಂಡಿನೋವಿಗೆ ಒಂದೇ ಏಟಿಗೆ ಅಷ್ಟು ದೂರ ಆಗದು ಅಂತ ಅರ್ಧ ದಾರಿಯಲ್ಲಿ ಉಳಿದುಕೊಂಡರೆ, ಬೆಳಿಗ್ಗೆ ಅವರು ಬಚ್ಚಲ ಬಾಗಿಲಲ್ಲೇ ನಿಂತುಬಿಟ್ಟರು. ‘ಯಾರ್ಯಾರು ಏನೇನು ತೊಳ್ದವ್ರೋ, ಇಲ್ಲಿ ನಾನು ನೀರುಯ್ಕಳಕಿಲ್ಲ.’ ಸ್ನಾನವಾಗದೆ ಬಾಯಿಗೆ ಹನಿ ನೀರೂ ಹಾಕದ ಜೀವ ಅದು. ಮಧ್ಯಾಹ್ನ ಬಸ್‌ಸ್ಟ್ಯಾಂಡಿನಲ್ಲಿ ತಲೆಸುತ್ತಿ ಬಿದ್ದರು. ಅಲ್ಲಿಂದಲೇ ವಾಪಸ್ಸು. ಮನೆ ಹೊಕ್ಕಮೇಲೆ ನೀವು, ‘ಅವ್ವನ್ನ ಬಚ್ಚಲು ಸಮೇತ ಕರ್ಕೊಂಡೋಗ್ತೀನಿ ಕಣೇ’ ಅಂದಿರಿ. ನಾನು ಕಿಸಕ್ಕನೆ ನಕ್ಕಿದ್ದೆ.

ನಿಮ್ಮ ವರ್ಷದ ತಿಥಿ ಮುಗಿದ ಹೊಸದರಲ್ಲೇ ಹುಬ್ಬಳ್ಳಿಯಿಂದ ಫೋನು ಬಂತು. ದೊಡ್ಡವ್ವ ಹಾಸಿಗೆ ಹಿಡಿದಿದ್ದಾರೆ, ತಂಗಿಯನ್ನು ಒಂದು ಸಲ ನೋಡಬೇಕು ಅಂತಾರೆ ಅಂತ. ಅತ್ತೆ ಫೋನಿಟ್ಟು ಕಿಟಕಿಯಾಚೆ ನಿಂತಿದ್ದ ವ್ಯಾನನ್ನು ನೋಡಿದರು. ನಿಮ್ಮ ತಮ್ಮ ಮಂಜು, ‘ಅದನ್ನ ಗುಜರಿಗೆ ಹಾಕ್ಬಿಡಿ ಅತ್ತಿಗೆ, ನಿಮ್ಮ ಕೈಲಿ ಆಗೋ ಕೆಲ್ಸ ಅಲ್ಲ ಅದು’ ಅಂದ. ಆಗೋದಿಲ್ಲವಂತೆ! ಅವನ ಕೈಗೆ ಕಾಫಿ ಕೊಟ್ಟು ನಾನು ಗರಗಸ ಹುಡುಕಲು ಹೋದೆ.

ಚಂದಾಪುರ ಸರ್ಕಲ್ಲಿನ ಹಾರ್ಡ್‌ವೇರ್ ಅಂಗಡಿಯಲ್ಲಿ ನೀವು ಹರಟೆ ಹೊಡೆಯುತ್ತ ನಿಲ್ಲುತ್ತಿದ್ದಿರಲ್ಲ, ಅಲ್ಲಿಗೇ ಹೋದೆ. ‘ಪೈಪು ಯಾವ ಫ್ಲೋರಿಗೆ ಮೇಡಂ?’ ಅಂದ ಅಂಗಡಿಯವನು. ‘ನಮ್ಮನೆಗೆ ಫ್ಲೋರಿಲ್ಲ, ಚಕ್ರ ಇದೆ’ ಅಂದೆ. ನಕ್ಕವನು, ‘ಓ, ಅಣ್ಣನ ವ್ಯಾನಾ?’ ಅಂತ ಪೈಪು ಅಳೆಯತೊಡಗಿದ. ವ್ಯಾನಿನಡಿ ಸ್ಟೆಪ್ನಿ ಪಕ್ಕದಲ್ಲಿ ಒಂದೇ ಟ್ಯಾಂಕಿಗೆ ಜಾಗ. ಅಂದಮೇಲೆ ಸಿಂಕಿನ ನೀರೂ ಬಚ್ಚಲ ನೀರೂ ಎಲ್ಲೋ ಒಂದು ಕಡೆ ಕೂಡಲೇಬೇಕು. ಅತ್ತೆಯ ಷರತ್ತು ನಿಮಗೆ ಗೊತ್ತೇ ಇದೆ. ಕೆಳಗೆ ಟ್ಯಾಂಕಿನಲ್ಲಿ ಏನಾದರೂ ಆಗಲಿ, ಪಾತ್ರೆ ತೊಳೆದ ಮುಸುರೆ ನೀರು ಮಾತ್ರ ಸ್ನಾನದ ಜಾಗಕ್ಕೆ ಸುಳಿಯಕೂಡದು.

ಅಂಗಳದಲ್ಲಿ ವ್ಯಾನಿನಡಿ ಅಂಗಾತ ಮಲಗಿ ಪೈಪು ಕೂರಿಸಿದೆ. ಕಣ್ಣಿಗೆ ಮಣ್ಣು, ಕೈತುಂಬ ಅಂಟು. ಎರಡನ್ನೂ ಬಚ್ಚಲ ತೂತಿನ ಕೆಳಗೇ ಸೇರಿಸಿ ನೀರು ಸುರಿದರೆ ಸರಸರ ಇಳಿದು ಹೋಯಿತು. ಎಷ್ಟು ಬೀಗಿದೆ ಗೊತ್ತಾ? ಭಾನುವಾರ ಅತ್ತೆಯನ್ನು ಕೂರಿಸಿಕೊಂಡು, ನೀವು ನನಗೆ ಡ್ರೈವಿಂಗ್ ಕಲಿಸಿದ ಬೊಮ್ಮಸಂದ್ರದ ಖಾಲಿ ರಸ್ತೆಗೆ ಹೋದೆ. ಅನ್ನ ಸಾರು ಉಂಡು ತಟ್ಟೆ ತೊಳೆದೆ. ಬಚ್ಚಲ ತೂತಿನಿಂದ ಗುಳುಗುಳು ಅಂತ ಸಾರಿನ ನೀರು ಎದ್ದು ಬಂತು, ಸಾಸಿವೆ ಕರಿಬೇವಿನ ಸಮೇತ! ಅತ್ತೆ ಮೂಗಿಗೆ ಸೆರಗು ಹಿಡಿದರು. ‘ಮುಸುರೇಲಿ ನೀರುಯ್ಕಳಕ್ಕೆ ನಾನೇನು ಎಮ್ಮೆನಾ?’ ಅಂದವರು ಬಚ್ಚಲ ಬಾಗಿಲು ಮುಚ್ಚಿ, ‘ಓಗ್ಲಿ ಬುಡವ್ವ, ಅಕ್ಕನ್ನ ನೋಡೋ ಯೋಗ ಇಲ್ಲ ನಂಗೆ’ ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಷ್ಟು ಮೆತ್ತಗೆ ಹೇಳಿದ್ದು ನನಗೆ ತಡೆಯಲಾಗಲಿಲ್ಲ.

ಮನೆಗೆ ತಂದು ನಿಲ್ಲಿಸಿ ಮತ್ತೆ ನೀರು ಸುರಿದೆ. ಸಲೀಸಾಗಿ ಹೋಯಿತು! ಇದೇನು ಮಾಟವಾ ಅಂತ ತಲೆಕೆಟ್ಟು ಕೂತಿದ್ದಾಗ ಹೊಳೆಯಿತು ನೋಡಿ. ಅಂಗಳ ಮಾಡಿಸುವಾಗ ನಿಮ್ಮಪ್ಪ ವಾಸ್ತು ನೋಡಿ, ನೀರೆಲ್ಲ ಈಶಾನ್ಯಕ್ಕೆ ಹರಿಯಲಿ ಅಂತ ಇಳಿಜಾರು ಕೊಡಿಸಿದ್ದರಲ್ಲ? ವ್ಯಾನಿನ ಹಿಂಭಾಗ ಈಶಾನ್ಯಕ್ಕೇ ಇತ್ತು, ಟ್ಯಾಂಕೂ ಹಿಂದೆಯೇ. ಪೈಪಿಗೆ ಇಳಿಜಾರೇ ಇರಲಿಲ್ಲ, ಇದ್ದದ್ದೆಲ್ಲ ಮಾವನ ಅಂಗಳದ್ದು! ಬೊಮ್ಮಸಂದ್ರದ ರಸ್ತೆಗೆ ಯಾವ ವಾಸ್ತು? ‘ನಿಮ್ಮಾವ ಸತ್ಮೇಲೂ ನಮ್ಮನ್ನ ಆಟ ಆಡಿಸ್ತಾವ್ರೆ’ ಅಂತ ಅತ್ತೆ ನಕ್ಕರು. ನೀವು ಹೋದಮೇಲೆ ಅವರು ಬಾಯ್ತುಂಬ ನಕ್ಕದ್ದು ಅದೇ ಮೊದಲು.

ಎಲ್ಲ ಕಿತ್ತೆ. ಅಂಟಿಸಿದ ಪೈಪನ್ನು ಬಿಚ್ಚಲಾಗುವುದಿಲ್ಲ, ಕೊಯ್ದೇ ತೆಗೆಯಬೇಕು, ಕೊಯ್ದೆ. ಮಂಜು ಬಂದು, ‘ಎರಡು ನೀರನ್ನೂ ರೋಡಿಗೆ ಬಿಟ್ಬಿಡಿ, ಯಾರ್ ನೋಡ್ತಾರೆ’ ಅಂದ. ಕಂಡವರ ದಾರಿಗೆ ನಮ್ಮ ಮುಸುರೆಯಾ? ಅವನ ಕೈಗೇ ಜಾಕು ಕೊಟ್ಟು ವ್ಯಾನಿನ ಹಿಂಭಾಗ ಎತ್ತಿಸಿದೆ. ತಟ್ಟೆಯಲ್ಲಿ ನೀರಿಟ್ಟು ಸಮವಾಯಿತೇ ನೋಡಿದೆ. ಪೈಪಿಗೆ ತನ್ನದೇ ಇಳಿಜಾರು ಸಿಗಲಿ ಅಂತ ಬಚ್ಚಲ ತಳಕ್ಕೆ ಹಲಗೆ ಕೊಟ್ಟು ಎತ್ತರಿಸಿದೆ. ಸಿಂಕಿನ ಪೈಪನ್ನು ಬಚ್ಚಲ ತೂತಿನ ಹತ್ತಿರ ಬಿಡದೆ ದೂರ ಒಯ್ದು, ಟ್ಯಾಂಕಿನ ಬಾಯಲ್ಲಿ, ನೀರು ಓಡುವ ದಿಕ್ಕಿಗೇ ಓರೆಯಾಗಿ ಕೂಡಿಸಿದೆ. ವಾಸನೆ ಮೇಲೇರದಂತೆ ಎರಡಕ್ಕೂ ಬೇರೆ ಬೇರೆ ಬಾಗಿದ ಪೈಪು ಹಾಕಿದೆ. ಮಂಜು ಸಂಜೆಯವರೆಗೂ ಪಕ್ಕದಲ್ಲೇ ಕೂತು ಪೈಪು ಹಿಡಿದ, ಪಾಪ.

ಇನ್ನು ನಿಮಗೆ ಗೊತ್ತಿಲ್ಲದ ಸುದ್ದಿ. ಹೋದ ವಾರ ನಾನೂ ಅತ್ತೆಯೂ ಹುಬ್ಬಳ್ಳಿಗೆ ಹೋಗಿ ಬಂದೆವು. ಓಡಿಸಿದ್ದು ನಾನೇ. ಹಾವೇರಿ ದಾಟಿ ಒಂದು ಪೆಟ್ರೋಲ್ ಬಂಕಿನ ಸಮತಟ್ಟಾದ ಬಯಲಲ್ಲಿ ಬೆಳಿಗ್ಗೆ ಅತ್ತೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದಲೇ, ‘ಸಿಂಕಿಗೆ ನೀರು ಬುಡು, ನೋಡವ’ ಅಂದರು. ಪಾತ್ರೆಗಟ್ಟಲೆ ಬಗ್ಗಿಸಿದೆ. ‘ಬಂತಾ ಅತ್ತೆ?’ ಅಂತ ಕೂಗಿದೆ. ಆಮೇಲೆ ಶವರು ಬಿಟ್ಟ ಸದ್ದು, ಅದರ ಜೊತೆಗೆ ನಿಮ್ಮವ್ವ ಬಿಕ್ಕುವ ಸದ್ದು. ನಾನೂ ಸಿಂಕು ಹಿಡಿದುಕೊಂಡು ಗೊಳೋ ಅಂತ ಅತ್ತುಬಿಟ್ಟೆ ಕಣ್ರೀ.

ದೊಡ್ಡವ್ವನಿಗೆ ಮಾತು ಕಡಿಮೆಯಾಗಿದೆ, ಗುರುತು ಚೆನ್ನಾಗಿದೆ. ತಂಗಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಒದ್ದೆ ತಲೆಯ ಮೇಲೆ ಕೈಯಿಟ್ಟು ಬೆಚ್ಚಿದರು. ತಂಗಿಯ ಹಟ ಅವರಿಗೂ ಗೊತ್ತಲ್ಲ! ‘ಎಲ್ಲಿ ನೀರುಯ್ಕಂಡ್ಯೇ?’ ಅಂದರು.

ಅತ್ತೆ ಅಕ್ಕನ ಮಂಚದ ಮೇಲೆ ಆರಾಮಾಗಿ ಕಾಲು ಚಾಚಿ ಕೂತು ಹೇಳಿದರು: ‘ನಮ್ಮನೇಲೇ ಕಣಕ್ಕ. ಮಗ ಕಟ್ದ, ಸೊಸೆ ಇಲ್ಲಿಗಂಟ ತಂದ್ಲು.’

ನಿಮ್ಮ
ಶಾರದ